ಆಮಂತ್ರಣದ ಮೊದಲ ಹೆಸರು

ವಿಂಡಮ್ ವೇಲ್, ಮೆಲ್ಬರ್ನ್
8 ನವೆಂಬರ್ 2005

ಚಿ. ಸೌ. ಹೇಮಲತಾಳಿಗೆ ಅಣ್ಣ ಶಂಭುಲಿಂಗನ ಆಶೀರ್ವಾದ.

ಸಿಡ್ನಿಗೆ ಒಂದು ಫೋನ್ ಮಾಡಿದರೆ ಮುಗಿಯುವ ಕೆಲಸಕ್ಕೆ ಕಾಗದ ಯಾಕೆ ಎಂದು ನಗಬೇಡ. ಇದರಲ್ಲಿ ಹೆಸರುಗಳಿವೆ. ಫೋನಿನಲ್ಲಿ ಹೇಳಿದರೆ ನೀನು ಏನೋ ಕೇಳಿ ಇನ್ನೇನೋ ಬರೆದುಕೊಳ್ಳುವವಳು.

ನನ್ನ ಮನೆಯ ಹಿಂದಿನ ರೂಮಿನಲ್ಲಿರುವ ಲೋಕನಾಥ್ ಖತಿವಡಾ ನೆನಪಿದ್ದಾನಲ್ಲ? ನೇಪಾಳದವನು, ಹೋದ ದೀಪಾವಳಿಗೆ ಬಂದಾಗ ನೀನು ಮಾಡಿದ ಶೇಂಗಾ ಹೋಳಿಗೆ ಆರು ತಿಂದು ಏಳನೆಯದಕ್ಕೆ ನಾಚಿಕೊಂಡವನು. ಅವನೂ ಅವನ ಗೆಳೆಯರೂ ಸೇರಿ ಡಿಸೆಂಬರ್ ಹತ್ತರ ಶನಿವಾರ ನಿಮ್ಮ ಸಿಡ್ನಿಯ ಆಬರ್ನ್‌ನಲ್ಲಿ ಒಂದು ಹಾಲ್ ಬುಕ್ ಮಾಡಿದ್ದಾರೆ. ಅವರ ದೇಶದಲ್ಲಿ ಫೆಬ್ರವರಿಯಿಂದ ರಾಜನೇ ಸರ್ಕಾರವನ್ನು ವಜಾ ಮಾಡಿ ಎಲ್ಲವನ್ನೂ ಕೈಗೆ ತೆಗೆದುಕೊಂಡಿರುವುದು, ಏಳು ಪಕ್ಷಗಳು ಜಗಳ ಬಿಟ್ಟು ಒಂದಾಗಿರುವುದು ನೀನೂ ಟಿವಿಯಲ್ಲಿ ನೋಡಿರಬೇಕು. ಅದರ ಬಗ್ಗೆ ನಾಲ್ಕು ಭಾಷಣ, ಆಮೇಲೆ ಊಟ, ಇಷ್ಟೇ. ಸಿಟಿಜನ್‌ಶಿಪ್ ಅರ್ಜಿ ಹಾಕಿ ಕೂತಿರುವ ನಿನ್ನ ಗಂಡ ಸಂಪತ್‌ಗೆ ಹೇಳು, ಹೆದರುವಂಥದ್ದು ಏನೂ ಇಲ್ಲ. ನಮ್ಮ ಕನ್ನಡ ಸಂಘದ ಕಾರ್ಯಕ್ರಮದ ಹಾಗೇ.

ಮೊದಲ ಹಾಳೆ ಆಮಂತ್ರಣದ್ದು. ನೀನು ಕೆಲಸ ಮಾಡುವ ಬ್ಲಾಕ್‌ಟೌನ್ ಪ್ರೆಸ್ಸಿನಲ್ಲೇ ಮುನ್ನೂರು ಪ್ರತಿ ಹಾಕಿಸು. ಎರಡನೆಯ ಹಾಳೆಯಲ್ಲಿ ಅವರ ಸಂಘದ ಇಪ್ಪತ್ತೆರಡು ಸದಸ್ಯರ ಹೆಸರು, ತಂದೆಯ ಹೆಸರು, ಊರು ಇವೆ. ಅದನ್ನು ಒಂದು ಪ್ರತಿ ಟೈಪ್ ಮಾಡಿ ಪ್ಯಾರಮಟ್ಟಾದ ವಕೀಲೆ ವಿಜಯಾ ಅವರ ಕೈಗೆ ಕೊಡು. ಅವರ ದಾಖಲೆಗೆ ಬೇಕಂತೆ.

ಕೃಪಾಳಿಗೆ ಮಾಮಾನ ಮುತ್ತು. ಅವಳು ಈಗಲಾದರೂ ಕನ್ನಡದಲ್ಲಿ ಉತ್ತರ ಕೊಡುತ್ತಾಳೋ?

ಶಂಭುಲಿಂಗ


ಕ್ವೇಕರ್ಸ್ ಹಿಲ್, ಸಿಡ್ನಿ
19 ನವೆಂಬರ್ 2005

ಪ್ರೀತಿಯ ಅಣ್ಣನಿಗೆ ಹೇಮಾ ಮಾಡುವ ಶರಣು.

ಕೃಪಾ ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ, ಕನ್ನಡದಲ್ಲಿ ಬೈಸಿಕೊಳ್ಳುತ್ತಾಳೆ.

ಕೆಲಸ ಮುಗಿದಿದೆ, ಮತ್ತು ನೀನು ಹೇಳಿದ್ದಕ್ಕಿಂತ ಚೆಂದ ಮುಗಿದಿದೆ. ನಿನ್ನ ಲೋಕನಾಥ್ ಬರೆದ ಆಮಂತ್ರಣ ನೋಡಿ ನನಗೆ ಅಯ್ಯೋ ಎನ್ನಿಸಿತು. ದಿನ, ಹೊತ್ತು, ಹಾಲ್‌ನ ವಿಳಾಸ, ಕೆಳಗೆ ಖಾಲಿ! ಕರೆಯುವವರು ಯಾರು? ಅಪ್ಪ ಧಾರವಾಡದ ಪ್ರೆಸ್ಸಿನಲ್ಲಿ ಗಿರಾಕಿಗಳಿಗೆ ಏನು ಹೇಳುತ್ತಿದ್ದರು ನೆನಪಿದೆಯೋ? "ಹೆಸರ ಇಲ್ಲದ ಪತ್ರಿಕಿ ಯಾರ ಮನೀದಂತ ತಿಳೀಬೇಕ್ರೀ? ಊರಾಗ ಮಂದಿ ಕರಿಯೂದಂದ್ರ ಎದಿ ಮ್ಯಾಲ ಹೆಸರ ಬರಕೊಂಡು ಕರೀಬೇಕು." ಲಗ್ನಪತ್ರಿಕೆಯ ಕೆಳಗೆ ಆಗಮನಾಭಿಲಾಷಿಗಳು ಎಂದು ಒಂದು ಮೊಳ ಹೆಸರು ಹಾಕದಿದ್ದರೆ ಬೀಗರು ಮಂಟಪದಲ್ಲೇ ಮುಖ ತಿರುಗಿಸುತ್ತಿದ್ದರು.

ಎರಡನೆಯ ಹಾಳೆ ಕೈಯಲ್ಲೇ ಇತ್ತಲ್ಲ. ಇಪ್ಪತ್ತೆರಡೂ ಹೆಸರುಗಳನ್ನು, ತಂದೆಯ ಹೆಸರು, ಊರು, ಜಿಲ್ಲೆ ಸಮೇತ, ಎರಡು ಸಾಲು ಮಾಡಿ ಕೂರಿಸಿದೆ. ಸುತ್ತ ಕೆಂಪು ಬಳ್ಳಿಯ ಬಾರ್ಡರ್. ಲೋಕನಾಥ್ ತನ್ನ ಹೆಸರನ್ನು ಕಟ್ಟಕಡೆಗೆ ಬರೆದುಕೊಂಡಿದ್ದ. ನಮ್ಮ ಅಣ್ಣನ ಮನೆಯಲ್ಲಿರುವವನು ಕಡೆಗೆ ಬರುವುದೇ? ಎಲ್ಲರಿಗಿಂತ ಮೊದಲು ಅವನನ್ನೇ ಹಾಕಿದ್ದೇನೆ: ಲೋಕನಾಥ್, ತಂದೆ ಶಾಲಿಗ್ರಾಮ್ ಖತಿವಡಾ, ನಿವೃತ್ತ ಶಿಕ್ಷಕರು. ಉಳಿದವರನ್ನು ಜಿಲ್ಲೆಯ ಪ್ರಕಾರ ಜೋಡಿಸಿದೆ.

ಒಂದೇ ಒಂದು ತೊಡಕು. ತೀರಿಹೋದವರಿಗೆ ನಾವು ಹೆಸರಿನ ಮೊದಲು 'ಲಿಂ.' ಹಾಕುತ್ತೇವಲ್ಲ, ನೇಪಾಳಿಗಳು ಏನು ಹಾಕುತ್ತಾರೆ? ಯಾರ ಅಪ್ಪ ಇದ್ದಾರೆ, ಯಾರ ಅಪ್ಪ ಇಲ್ಲ ಎಂದು ಗೊತ್ತಾಗದೆ ಯಾರಿಗೂ ಏನೂ ಹಾಕಲಿಲ್ಲ. ಗಟ್ಟಿಮುಟ್ಟಾಗಿದ್ದ ಶಿವಲಿಂಗಪ್ಪನವರಿಗೆ ಒಮ್ಮೆ 'ಲಿಂ.' ಬಿದ್ದು, ಅವರೇ ಪತ್ರಿಕೆ ಹಿಡಿದುಕೊಂಡು ಪ್ರೆಸ್ಸಿಗೆ ಬಂದು, "ಸತ್ತಾಂವ ಬಂದೀನಿ, ಚಹಾ ತರಿಸ್ರಿ" ಎಂದು ಕೂತಿದ್ದು ನೆನಪಾಗಿ ಒಬ್ಬಳೇ ನಕ್ಕೆ.

ಹಂಚುವ ಕೆಲಸವೂ ಸುರುವಾಗಿದೆ. ಮುನಿಸಿದ್ದವರ ಮನೆಗೆ ಮೊದಲು ಪತ್ರಿಕೆ ಕೊಡಬೇಕು ಎನ್ನುವುದೂ ಅಪ್ಪನದೇ ಪದ್ಧತಿ. ಇಲ್ಲಿ ಒಬ್ಬ ನೇಪಾಳಿ ಅಂಗಡಿಯವನಿದ್ದಾನೆ, ಗಲ್ಲಾದ ಮೇಲೆ ರಾಜನ ದೊಡ್ಡ ಫೋಟೋ, ಅದಕ್ಕೆ ದಿನಾ ಹಾರ. ಅವನಿಗೇ ಮೊದಲ ಪತ್ರಿಕೆ ಕೊಟ್ಟೆ. ಎರಡೂ ಕೈಯಲ್ಲಿ ತೆಗೆದುಕೊಂಡ. ಕನ್ನಡಕ ಹಾಕಿಕೊಂಡು ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದ. ಆಮೇಲೆ ಬಹಳ ವಿನಯದಿಂದ ಇನ್ನೂ ಹತ್ತು ಕೇಳಿ ಇಸಿದುಕೊಂಡ. ನೋಡಿದೆಯಾ, ಪ್ರೀತಿಯಿಂದ ಕರೆದರೆ ಯಾರೂ ಇಲ್ಲ ಎನ್ನುವುದಿಲ್ಲ.

ನಿನ್ನ ಹೇಮಾ


ವಿಂಡಮ್ ವೇಲ್
23 ನವೆಂಬರ್ 2005

ಹೇಮಾ,

ಈ ಕಾಗದ ಕೈಗೆ ಸಿಕ್ಕ ದಿನವೇ ಹಂಚಿದ ಪತ್ರಿಕೆಗಳನ್ನೆಲ್ಲ ವಾಪಸು ತೆಗೆದುಕೊ. ಒಂದನ್ನೂ ಬಿಡಬೇಡ. ಹರಿದು ಹಾಕು. ಹೆಸರುಗಳಿಲ್ಲದೆ ಬೇರೆ ಅಚ್ಚು ಹಾಕಿಸು. ಅಂಗಡಿಯವನ ಹತ್ತಿರ ಇರುವ ಹನ್ನೊಂದನ್ನೂ ಹೇಗಾದರೂ ಮಾಡಿ ತಾ.

ಸಂಘದವರಿಗೆ ಹೆಸರು ಮೆರೆಸಿಕೊಳ್ಳುವುದು ಇಷ್ಟವಿಲ್ಲ, ಅಷ್ಟೇ. ಲೋಕನಾಥ್‌ಗೆ ನಾನು ಏನೂ ಹೇಳಿಲ್ಲ. ನೀನೂ ಹೇಳಬೇಡ. ಫೋನಿನಲ್ಲಿ ಈ ಮಾತು ಎತ್ತಲೇಬೇಡ.

ಶಂಭುಲಿಂಗ


ಕ್ವೇಕರ್ಸ್ ಹಿಲ್
30 ನವೆಂಬರ್ 2005

ಅಣ್ಣಾ,

ಆಯಿತು. ನೀನು ಹೇಳಿದಂತೆಯೇ ಮಾಡಿದ್ದೇನೆ. ಮನೆ ಮನೆಗೆ ಹೋಗಿ ಕೊಟ್ಟ ಪತ್ರಿಕೆಯನ್ನು ವಾಪಸು ಕೇಳುವ ಅವಮಾನ ನಮ್ಮ ಮನೆತನದಲ್ಲಿ ಯಾರಿಗೂ ಬಂದಿರಲಿಲ್ಲ, ನನಗೆ ಬಂತು. ಎಲ್ಲೋ ಒಂದು ಹೆಸರು ತಪ್ಪಿರಬೇಕು ಅಥವಾ ಲೋಕನಾಥನನ್ನು ಮೊದಲು ಹಾಕಿದ್ದಕ್ಕೆ ದೊಡ್ಡವರು ಯಾರೋ ಸಿಟ್ಟಾಗಿರಬೇಕು. ಅದನ್ನು ನೇರ ಹೇಳಿದ್ದರೆ ನಾನೇನು ಅಳುತ್ತಿದ್ದೆನೇ? "ಮೆರೆಸಿಕೊಳ್ಳುವುದು" ಅಂತೆ! ಮೂರು ದಿನ ಕೂತು ಜೋಡಿಸಿದ್ದೆ.

ಸಂಪತ್ ಬೇರೆ ಶುರು ಮಾಡಿದ್ದಾರೆ. "ನಿಮ್ಮಣ್ಣಂಗೆ ಬೇರೆ ಕೆಲ್ಸ ಇಲ್ವಾ? ಅರ್ಜಿ ಹಾಕಿರೋ ಟೈಮಲ್ಲಿ ರಾಜ, ಪಾರ್ಟಿ ಅಂತೆಲ್ಲ ನಮಗ್ಯಾಕೆ ಬೇಕಿತ್ತು ಹೇಮಾ?" ಅವರ ಕಣ್ಣಿಗೆ ಬೀಳದಂತೆ ಹೊಸ ಪತ್ರಿಕೆಗಳನ್ನು ಅಕ್ಕಿಯ ಡಬ್ಬಿಯ ಹಿಂದೆ ಇಟ್ಟಿದ್ದೇನೆ.

ಅಂಗಡಿಯವನ ಹತ್ತಿರ ಒಂದೂ ಉಳಿದಿಲ್ಲ. "ಎಲ್ಲ ಊರಿಗೆ ಕಳಿಸಿಬಿಟ್ಟೆ. ನಮ್ಮವರು ನೋಡಿ ಖುಷಿಪಡಲಿ" ಎಂದ. ಚಹಾ ಕುಡಿದು ಹೋಗಿ ಎಂದು ಬಹಳ ಒತ್ತಾಯ ಮಾಡಿದ. ನಾನು ಕುಡಿಯಲಿಲ್ಲ, ಯಾಕೋ.

ಹೇಮಾ


ಕ್ವೇಕರ್ಸ್ ಹಿಲ್
12 ಡಿಸೆಂಬರ್ 2005

ಅಣ್ಣಾ,

ನೀನು ಬರಲಿಲ್ಲ, ನಿನ್ನ ಸಿಟ್ಟೂ ಇಳಿದಂತಿಲ್ಲ. ಆದರೂ ಬರೆಯುತ್ತೇನೆ. ಕಾರ್ಯಕ್ರಮ ಚೆನ್ನಾಗಿ ಆಯಿತು. ಹಾಲ್ ತುಂಬಿತ್ತು. ಒಬ್ಬರಿಗೊಬ್ಬರು ಮುಖ ನೋಡದ ಪಕ್ಷಗಳವರು ಒಂದೇ ಬೆಂಚಿನಲ್ಲಿ ಕೂತಿದ್ದಾರೆ ಎಂದು ಲೋಕನಾಥ್ ಪಿಸುಗುಟ್ಟಿ ತೋರಿಸಿದ. ಮತ ಹಾಕುವ ಹಕ್ಕು, ಬರೆಯುವ ಹಕ್ಕು, ರಾತ್ರೋರಾತ್ರಿ ಮಾಯವಾಗದಿರುವ ಹಕ್ಕು ಎಂದು ಅವನು ಮಾತಾಡಿದಾಗ ನಾನೂ ಎದ್ದು ನಿಂತು ಚಪ್ಪಾಳೆ ತಟ್ಟಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಮಾತ್ರ ಚಪ್ಪಾಳೆ ತಟ್ಟಲಿಲ್ಲ, ಫೋಟೋ ತೆಗೆಯುತ್ತಿದ್ದರು.

ಶನಿವಾರ ಮಧ್ಯಾಹ್ನ, ಕಾರ್ಯಕ್ರಮಕ್ಕೆ ಮೊದಲು, ಅವನು ನಮ್ಮಲ್ಲೇ ಊಟಕ್ಕೆ ಬಂದಿದ್ದ. ನೀರು ಕೇಳಿಕೊಂಡು ಅಡುಗೆಮನೆಗೆ ಬಂದವನು ಫ್ರಿಜ್ ಮುಂದೆ ನಿಂತುಬಿಟ್ಟ. ನಿನಗೆ ಹೇಳಿರಲಿಲ್ಲ, ಬೈಯಬೇಡ, ಹಳೆಯ ಪತ್ರಿಕೆ ಒಂದನ್ನು ಕೃಪಾ ಅಲ್ಲಿ ಅಂಟಿಸಿಕೊಂಡಿದ್ದಳು, ಕೆಂಪು ಬಳ್ಳಿ ಇಷ್ಟವೆಂದು. ತೆಗೆಯಲು ಹೋದರೆ ಅತ್ತಳು, ಬಿಟ್ಟಿದ್ದೆ.

"ದೀದಿ, ಇದನ್ನು ಮಾಡಿದ್ದು ಯಾರು?" ಎಂದ.

"ನಾನೇ" ಎಂದೆ. "ನಿನ್ನ ಹೆಸರು ಮೊದಲು ಇದೆ ನೋಡು. ನಿನ್ನ ಅಪ್ಪನದೂ."

ಹೆಸರುಗಳನ್ನು ಮೇಲಿನಿಂದ ಕೆಳಗಿನವರೆಗೆ ಓದಿದ. ಆಮೇಲೆ, "ಚೆನ್ನಾಗಿದೆ" ಎಂದ, ಕನ್ನಡದಲ್ಲೇ. ನೀನೇ ಕಲಿಸಿದ್ದಿರಬೇಕು. ನಾನು ಸುಮ್ಮನಿರದೆ, ನಿಮ್ಮಲ್ಲಿ ತೀರಿಹೋದವರ ಹೆಸರಿಗೆ ಏನು ಹಾಕುತ್ತೀರಿ ಎಂದು ಕೇಳಿದೆ. "ಸ್ವ. ಅಂತ, ಸ್ವರ್ಗೀಯ. ನಮ್ಮ ಅಪ್ಪನಿಗೆ ಹಾಕಬೇಡಿ ದೀದಿ. ಎಪ್ಪತ್ತೊಂದು ಆಯಿತು, ಈಗಲೂ ನನಗಿಂತ ಮೊದಲು ಗುಡ್ಡ ಹತ್ತುತ್ತಾರೆ" ಎಂದು ನಕ್ಕ.

ಪತ್ರಿಕೆಯನ್ನು ತೆಗೆದುಕೊಳ್ಳಲೇ ಎಂದು ಕೇಳಿದ. ಕೃಪಾ "ದ್ಯಾಟ್ಸ್ ಮೈನ್!" ಎಂದು ಕೂಗಿದಳು. ತನ್ನ ಜೇಬಿನ ಪೆನ್ ಅವಳಿಗೆ ಕೊಟ್ಟು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಇಟ್ಟುಕೊಂಡ. ಕೂಡಲೇ ಊರಿಗೆ ಫೋನ್ ಮಾಡಬೇಕೆಂದ. ಹಿತ್ತಲಿನಲ್ಲಿ ಬಟ್ಟೆ ಒಣಹಾಕುವ ತಂತಿಯ ಕೆಳಗೆ ಅರ್ಧ ತಾಸು ಅಪ್ಪನ ಜೊತೆ ಮಾತಾಡಿದ. ಒಳಗೆ ಬಂದಾಗ ಕಣ್ಣು ಕೆಂಪಗಿದ್ದವು. ಅಪ್ಪನ ಹೆಸರು ಅಚ್ಚಿನಲ್ಲಿ ನೋಡಿದರೆ ಯಾವ ಮಗನಿಗೆ ಆಗುವುದಿಲ್ಲ ಹೇಳು! ಹೋಗುವಾಗ ನನ್ನ ಕಾಲು ಮುಟ್ಟಿದ. ಸಂಘದವರಿಗೆ ಇಷ್ಟವಿಲ್ಲ ಎಂದೆಯಲ್ಲ, ಅವನಿಗಂತೂ ಇಷ್ಟವಾಗಿದೆ.

ಹೇಮಾ


ವಿಂಡಮ್ ವೇಲ್
25 ಜನವರಿ 2006

ಹೇಮಾ,

ನಿನ್ನ ಡಿಸೆಂಬರಿನ ಕಾಗದಕ್ಕೂ, ಸಂಕ್ರಾಂತಿಯ ಎಳ್ಳಿನ ಪಾರ್ಸೆಲ್‌ಗೂ ಉತ್ತರ ಬರೆಯಲಿಲ್ಲ. ಕೆಲಸ ಹೆಚ್ಚು.

ಲೋಕನಾಥನ ತಂದೆಯನ್ನು ಹದಿನಾರನೆಯ ತಾರೀಖು ಬೆಳಗಿನ ಜಾವ ಮನೆಯಿಂದ ಕರೆದುಕೊಂಡು ಹೋಗಿದ್ದಾರೆ. ಜೀಪಿನಲ್ಲಿ ಬಂದವರು ಯಾರೆಂದು ಹೇಳಿಲ್ಲ. ಕಾಠ್ಮಂಡುವಿನಲ್ಲಿ ಇಪ್ಪತ್ತರಂದು ದೊಡ್ಡ ಮೆರವಣಿಗೆ ಇತ್ತು, ಅದಕ್ಕೆ ಮೊದಲು ನೂರಾರು ಜನರನ್ನು ಹಿಡಿದಿದ್ದಾರೆ ಎಂದು ಸುದ್ದಿಯಲ್ಲಿ ಬಂದಿದೆ. ಹತ್ತೊಂಬತ್ತರಿಂದ ಅಲ್ಲಿಯ ಫೋನ್ ಬಂದ್. ಪಕ್ಕದ ಊರಿನವರೊಬ್ಬರು ಅದಕ್ಕೂ ಮೊದಲೇ ಫೋನ್ ಮಾಡಿದ್ದರಿಂದ ಇಷ್ಟಾದರೂ ತಿಳಿಯಿತು. ಲೋಕನಾಥ್ ಕೆಲಸಕ್ಕೆ ಹೋಗುತ್ತಾನೆ, ಬರುತ್ತಾನೆ, ಫೋನಿನ ಪಕ್ಕದಲ್ಲಿ ಕೂರುತ್ತಾನೆ. ನಾನು ಅನ್ನ ಕಲಸಿ ಮುಂದಿಟ್ಟರೆ ತಿನ್ನುತ್ತಾನೆ.

ಒಂದು ಸಣ್ಣ ವಿಷಯ. ನೀನು ಪತ್ರಿಕೆಯಲ್ಲಿ ಹಾಕಿದ ಮೊದಲ ಐದು ಹೆಸರು ಯಾವ ಕ್ರಮದಲ್ಲಿದ್ದವು? ನೆನಪಿದ್ದರೆ ಬರೆದು ಕಳಿಸು. ಸುಮ್ಮನೆ ಕೇಳುತ್ತಿದ್ದೇನೆ.

ಶಂಭುಲಿಂಗ


ಕ್ವೇಕರ್ಸ್ ಹಿಲ್
1 ಫೆಬ್ರವರಿ 2006

ಅಣ್ಣಾ,

ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಇನ್ನೂ ಇದೆ. ಮೊದಲು ಲೋಕನಾಥ್. ಆಮೇಲೆ ಅವನದೇ ಜಿಲ್ಲೆಯ ದೀರ್ಘರಾಜ್, ತಂದೆ ತಿಲವಿಕ್ರಮ್. ಮೂರನೆಯವಳು ಮೈನಾ, ತಂದೆ ಹರಿಭಕ್ತ. ನಾಲ್ಕು, ಐದು ಅಣ್ಣತಮ್ಮಂದಿರು, ಒಬ್ಬನೇ ಅಪ್ಪ, ರುದ್ರಮಣಿ. ಆ ಹಿರಿಯರು ಹೇಗಿದ್ದಾರೋ ಪಾಪ. ಲೋಕನಾಥನಿಗೆ ಧೈರ್ಯ ಹೇಳು.

ಇಷ್ಟು ಬರೆದು ಲಕೋಟೆ ಅಂಟಿಸಿದ್ದೆ. ಅಂಚೆಗೆ ಹಾಕಲಿಲ್ಲ, ಒಡೆದು ಮತ್ತೆ ಬರೆಯುತ್ತಿದ್ದೇನೆ. "ಸುಮ್ಮನೆ ಕೇಳುತ್ತಿದ್ದೇನೆ" ಎಂದು ಬರೆದಿದ್ದೀಯಲ್ಲ, ನೀನು ಹುಟ್ಟಿದಾಗಿನಿಂದ ಸುಮ್ಮನೆ ಏನನ್ನೂ ಕೇಳಿದವನಲ್ಲ. ಇವತ್ತು ಕೆಲಸ ಬಿಟ್ಟು ಪ್ಯಾರಮಟ್ಟಾಕ್ಕೆ ಹೋಗಿ ವಿಜಯಾ ಮೇಡಂ ಮುಂದೆ ಪತ್ರಿಕೆ ಇಟ್ಟೆ. ಅವರು ಓದಿ ಬಾಗಿಲು ಹಾಕಿ ಬಂದರು. ಆ ಎರಡನೆಯ ಹಾಳೆ, ಊರಲ್ಲಿ ಯಾರನ್ನಾದರೂ ಹಿಡಿದರೆ ಕೂಡಲೇ ಮಾನವ ಹಕ್ಕಿನ ಸಂಸ್ಥೆಗಳಿಗೆ ಹೆಸರು ಕೊಡಲು ಇಟ್ಟದ್ದಂತೆ. ಒಂದೇ ಪ್ರತಿ ಇರಬೇಕಿತ್ತಂತೆ. ಅವರ ಬೀರುವಿನಲ್ಲಿ, ಬೀಗದೊಳಗೆ. ನಾನು ಅದನ್ನು ಮುನ್ನೂರು ಪ್ರತಿ ಮಾಡಿ, ಬಾರ್ಡರ್ ಹಾಕಿ, ರಾಜನ ಫೋಟೋಕ್ಕೆ ಹಾರ ಹಾಕುವವನ ಕೈಗೆ ಕೊಟ್ಟೆ.

ಅಣ್ಣಾ, ಆ ಮುದುಕರನ್ನು ನಾನು ಹಿಡಿದುಕೊಟ್ಟೆನೇ? ದೀರ್ಘರಾಜನ ಅಪ್ಪ, ಮೈನಾಳ ಅಪ್ಪ, ಅವರನ್ನೂ ಒಯ್ದರೇ? ನಾನು ಹಾಕಿದ ಕ್ರಮದಲ್ಲೇ ಹೋಗುತ್ತಿದ್ದಾರೆಯೇ? ನಿಜ ಹೇಳು. ನನಗೆ ಊಟ ಇಳಿಯುತ್ತಿಲ್ಲ.

ಹೇಮಾ


ವಿಂಡಮ್ ವೇಲ್
9 ಫೆಬ್ರವರಿ 2006

ಹೇಮಾ,

ಕ್ರಮ ಹೊಂದುವುದಿಲ್ಲ. ನೀನು ಇಲ್ಲದ್ದನ್ನು ತಲೆಗೆ ಹಚ್ಚಿಕೊಳ್ಳಬೇಡ. ಶಾಲಿಗ್ರಾಮ್ ಮಾಸ್ತರರು ಊರಿನಲ್ಲಿ ಮೊದಲೇ ಹೆಸರಾದವರು, ಪತ್ರಿಕೆ ಇರಲಿ ಬಿಡಲಿ ಹಿಡಿಯುತ್ತಿದ್ದರು. ನಿನ್ನಿಂದ ಆದದ್ದಲ್ಲ. ಊಟ ಮಾಡು.

ಶಂಭುಲಿಂಗ


ಕ್ವೇಕರ್ಸ್ ಹಿಲ್
14 ಮಾರ್ಚ್ 2006

ಅಣ್ಣಾ,

ನಿನ್ನ ಕಾಗದವನ್ನು ದಿನಾ ಓದುತ್ತೇನೆ. ನಂಬಬೇಕೆಂದೇ ಓದುತ್ತೇನೆ. ಬೆಳಿಗ್ಗೆ ನಂಬುತ್ತೇನೆ, ಮಧ್ಯಾಹ್ನದ ಹೊತ್ತಿಗೆ ಮತ್ತೆ ಅದೇ.

ನಿನ್ನೆ ಆ ಅಂಗಡಿಗೆ ಹೋಗಿದ್ದೆ. ಪತ್ರಿಕೆಗಳನ್ನು ಯಾರಿಗೆ ಕಳಿಸಿದಿರಿ ಎಂದು ನೇರ ಕೇಳಿದೆ. ಕೈಯಲ್ಲಿ ಬೇಳೆಯ ಪಾಕೀಟು ಹಿಡಿದುಕೊಂಡಿದ್ದೆ. ಅವನು ಅದೇ ವಿನಯದಿಂದ, "ಬಹಳ ಚೆಂದದ ಕಾರ್ಡ್, ಬಹೆನ್‌ಜೀ. ಊರಿನಲ್ಲಿ ಎಲ್ಲರೂ ಓದಿದರು. ಇಷ್ಟು ಸ್ಪಷ್ಟವಾಗಿ ಯಾರೂ ಬರೆಯುವುದಿಲ್ಲ" ಎಂದ. ಆಮೇಲೆ ಬಿಲ್ ಪುಸ್ತಕ ತೆಗೆದು ಕೇಳಿದ, "ನಿಮ್ಮ ಯಜಮಾನರ ಪೂರ್ತಿ ಹೆಸರು? ಮೂಲ ಊರು ಯಾವುದು?"

ಬೇಳೆ ಅಲ್ಲೇ ಬಿಟ್ಟು ಬಂದೆ. ಹೆಸರು ಕೇಳಿದರೆ ಅಪ್ಪನ ಹೆಸರು, ಊರು, ಓಣಿಯ ಸಮೇತ ಹೇಳುವವಳು ನಾನು. ಈಗ ಕೃಪಾಳ ಸ್ಕೂಲಿನ ಫಾರ್ಮ್‌ನಲ್ಲಿ ವಿಳಾಸ ಬರೆಯಲೂ ಕೈ ಬರುತ್ತಿಲ್ಲ. ಸಂಪತ್‌ಗೆ ಇದನ್ನು ಹೇಳಿಲ್ಲ.

ಲೋಕನಾಥನ ಅಪ್ಪನ ಸುದ್ದಿ ಬರೆ. ಏನಾದರೂ ಬರೆ.

ಹೇಮಾ


ವಿಂಡಮ್ ವೇಲ್
29 ಏಪ್ರಿಲ್ 2006

ಪ್ರೀತಿಯ ಹೇಮಾ,

ರಾಜ ಸೋತ. ಹತ್ತೊಂಬತ್ತು ದಿನ ಜನ ಬೀದಿಯಲ್ಲಿ ನಿಂತರು, ಕರ್ಫ್ಯೂ ಹಾಕಿದರೂ ನಿಂತರು. ಇಪ್ಪತ್ತನಾಲ್ಕರಂದು ಸಂಸತ್ತನ್ನು ವಾಪಸು ಕೊಟ್ಟ. ನಮ್ಮ ಮನೆಯಲ್ಲಿ ಹನ್ನೆರಡು ಜನ ನೇಪಾಳಿ ಹುಡುಗರು ಸೇರಿ ಕುಣಿದರು, ಪಕ್ಕದ ಮನೆಯವರು ಬಂದು ಏನಾಯಿತು ಎಂದು ಕೇಳಿ ತಾವೂ ಸೇರಿಕೊಂಡರು. ಲೋಕನಾಥ್ ಎಲ್ಲರಿಗೂ ಚಹಾ ಮಾಡಿ ಹಂಚಿದ.

ಹಿಡಿದಿದ್ದವರನ್ನು ಬಿಡುತ್ತಿದ್ದಾರೆ. ದೀರ್ಘರಾಜನ ಅಪ್ಪ ಬಂದರು. ಮೈನಾಳ ಅಪ್ಪನೂ ರುದ್ರಮಣಿಯವರೂ ಬಂದರು. ಹೌದು ಹೇಮಾ, ಅವರನ್ನೂ ಒಯ್ದಿದ್ದರು, ಒಬ್ಬರಾದ ಮೇಲೆ ಒಬ್ಬರನ್ನು, ನೀನು ಜೋಡಿಸಿದ ಕ್ರಮದಲ್ಲೇ. ನಾನು ಸುಳ್ಳು ಬರೆದೆ. ರುದ್ರಮಣಿಯವರ ತನಕ ಬಂದು ನಿಂತರು, ಯಾಕೆ ನಿಂತರೆಂದು ಮುಂದೆ ಬರೆಯುತ್ತೇನೆ.

ಶಾಲಿಗ್ರಾಮ್ ಮಾಸ್ತರರು ಬಂದಿಲ್ಲ. ತಮ್ಮನ್ನು ಅದೇ ಕೋಣೆಗೆ ಹಾಕಿದ ಮೂರನೆಯ ದಿನ ಅವರನ್ನು ಅಲ್ಲಿಂದ ಬೇರೆ ಕಡೆಗೆ ಕರೆದೊಯ್ದರು ಎಂದು ದೀರ್ಘರಾಜನ ಅಪ್ಪ ತಿಲವಿಕ್ರಮ್ ಹೇಳುತ್ತಾರೆ. ಯಾವ ಠಾಣೆಯ ಪುಸ್ತಕದಲ್ಲೂ ಆ ಹೆಸರಿಲ್ಲ. ಮೈನಾಳ ತಮ್ಮ ಮೂರು ಜಿಲ್ಲೆ ಸುತ್ತಿ ಬಂದ.

ಮೊನ್ನೆ ಲೋಕನಾಥನ ಮುಂದೆ ಕೂತು ಎಲ್ಲ ಹೇಳಿಬಿಟ್ಟೆ. ಪತ್ರಿಕೆ ಅಚ್ಚಾಗಿದ್ದು, ಹಂಚಿದ್ದು, ನಾನು ಬಚ್ಚಿಟ್ಟಿದ್ದು. ಅವನು ಒಳಗೆ ಹೋಗಿ ನಾಲ್ಕು ಮಡಿಕೆಯ ಕಾಗದ ತಂದು ನನ್ನ ಮುಂದಿಟ್ಟ. ನಿಮ್ಮ ಫ್ರಿಜ್ ಮೇಲಿದ್ದದ್ದು. ಅವನು ಅದನ್ನು ನೋಡಿದ್ದನ್ನು ನೀನು ಬರೆದಿದ್ದೆ, ಆದರೆ ಹಂಚಿದ್ದು ಅವನಿಗೆ ತಿಳಿದಿಲ್ಲ ಎಂದೇ ನಾನು ಅಂದುಕೊಂಡಿದ್ದೆ. "ಡಿಸೆಂಬರ್ ಹತ್ತರಿಂದಲೇ ಗೊತ್ತಿತ್ತು, ಅಣ್ಣಾ. ನಿಮಗೆ ಗೊತ್ತಾದರೆ ನೊಂದುಕೊಳ್ಳುತ್ತೀರಿ ಎಂದು ನಾನು ಹೇಳಲಿಲ್ಲ" ಎಂದ. ಐದು ತಿಂಗಳು ಒಂದೇ ಮೇಜಿನಲ್ಲಿ ಊಟ ಮಾಡುತ್ತ ಇಬ್ಬರೂ ಒಬ್ಬರಿಂದೊಬ್ಬರು ಅದನ್ನೇ ಮುಚ್ಚಿಟ್ಟಿದ್ದೇವೆ.

ಅವತ್ತು ನಿಮ್ಮ ಹಿತ್ತಲಿನಿಂದ ಫೋನ್ ಮಾಡಿದ್ದನಲ್ಲ. ಕೂಡಲೇ ಮನೆ ಬಿಡು, ಗಡಿ ದಾಟಿ ಗೋರಖ್‌ಪುರಕ್ಕೆ ಹೋಗು ಎಂದು ಅಪ್ಪನಿಗೆ ಹೇಳಲು. ಉಳಿದ ಮನೆಗಳಿಗೂ ಸುದ್ದಿ ಮುಟ್ಟಿಸಲು. ಮಾಸ್ತರರು ಕೇಳಿದರಂತೆ, ನನ್ನ ಹೆಸರು ಎಷ್ಟನೆಯದು ಎಂದು. ಮೊದಲನೆಯದು ಎಂದನಂತೆ. "ಹಾಗಾದರೆ ನಾನು ಎಲ್ಲಿಗೂ ಹೋಗುವುದಿಲ್ಲ. ನಾನು ಸಿಗದಿದ್ದರೆ ಅದೇ ದಿನ ಎರಡನೆಯವರ ಮನೆಗೆ ಹೋಗುತ್ತಾರೆ. ನಾನು ಸಿಕ್ಕರೆ ಅವರಿಗೆ ನಾಲ್ಕು ದಿನ ಸಿಗುತ್ತದೆ" ಎಂದರಂತೆ. ಸುದ್ದಿ ಮುಟ್ಟಿದರೂ ಮನೆ ಬಿಡಲು ಒಪ್ಪದೆ ಕೂತಿದ್ದ ಹದಿನೇಳು ಮನೆಯವರು, ಮಾಸ್ತರರನ್ನು ಹಿಡಿದ ಮೇಲೆ, ಆ ನಾಲ್ಕು ದಿನದಲ್ಲಿ ಗಡಿ ದಾಟಿದರು.

ತಪ್ಪು ನಿನ್ನದಲ್ಲ. ಸಂಪತ್ ಹೆದರುತ್ತಾನೆ ಎಂದು ಆ ಹಾಳೆ ಏನೆಂದು ನಿನಗೆ ಹೇಳದೇ ಇದ್ದವನು ನಾನು. ಇದನ್ನು ಆಗಲೇ ಬರೆಯಬೇಕಿತ್ತು.

ಇನ್ನೊಂದು. ಜೂನ್ ಮೂರರಂದು ಅದೇ ಆಬರ್ನ್ ಹಾಲಿನಲ್ಲಿ ಸಭೆ. ಏಳೂ ಪಕ್ಷದವರು ಬರುತ್ತಾರೆ. ಆಮಂತ್ರಣ ನೀನೇ ಅಚ್ಚು ಹಾಕಬೇಕಂತೆ, ಲೋಕನಾಥ್ ಹಟ ಹಿಡಿದಿದ್ದಾನೆ. "ದೀದಿಗೆ ಹೇಳಿ, ಅದೇ ಪತ್ರಿಕೆ, ಅದೇ ಬಳ್ಳಿ, ಎಲ್ಲರ ಹೆಸರು, ಅಪ್ಪಂದಿರ ಹೆಸರು, ಊರು. ಈಗ ಹೆದರದೆ ಹಾಕಬಹುದು. ಮೊದಲ ಹೆಸರು ಮೊದಲೇ ಇರಲಿ" ಎಂದಿದ್ದಾನೆ.

ನಿನ್ನ ಅಣ್ಣ


ಕ್ವೇಕರ್ಸ್ ಹಿಲ್
9 ಮೇ 2006

ಅಣ್ಣಾ,

ನಿನ್ನ ಕಾಗದವನ್ನು ಸಂಪತ್‌ಗೆ ಓದಿ ಹೇಳಿದೆ. ಅಂಗಡಿಯ ವಿಷಯವನ್ನೂ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. "ನಾನೂ ಪ್ರೆಸ್ಸಿಗೆ ಬರ್ತೀನಿ, ನಡಿ" ಎಂದರು. ಶನಿವಾರವಿಡೀ ಪಕ್ಕದಲ್ಲಿ ಕೂತು ಒಂದೊಂದು ಹೆಸರನ್ನೂ ನನ್ನ ಜೊತೆ ಮೂರು ಸಲ ತಾಳೆ ನೋಡಿದರು.

ನಿನ್ನ ತಪ್ಪು, ನನ್ನ ತಪ್ಪು ಎಂದು ಹಂಚಿಕೊಳ್ಳುವುದು ಬೇಡ. ನನಗೆ ಅದರಿಂದ ಹಗುರವಾಗುವುದಿಲ್ಲ. ಆ ಮಾಸ್ತರರನ್ನು ನಾನು ನೋಡಿಲ್ಲ. ಮರ್ಯಾದೆ ಮಾಡುತ್ತೇನೆಂದು ಎಲ್ಲರಿಗಿಂತ ಮುಂದೆ ತಂದು ನಿಲ್ಲಿಸಿದೆ, ಅವರು ನಿಂತರು.

ಪತ್ರಿಕೆ ತಯಾರಾಗಿದೆ. ಇಪ್ಪತ್ತೊಂದು ಹೆಸರು ಸರಿಯಾಗಿ ಕೂತಿವೆ. ಮೈನಾಳ ತಾಯಿ ಹೋದ ವರ್ಷವೇ ತೀರಿಕೊಂಡಿದ್ದರಂತೆ, ಅವರ ಹೆಸರನ್ನೂ ಸೇರಿಸಿ 'ಸ್ವ.' ಹಾಕಿದ್ದೇನೆ. ಮೊದಲ ಸಾಲು ಮಾತ್ರ ಹಾಗೇ ಬಿಟ್ಟಿದ್ದೇನೆ. ಶಾಲಿಗ್ರಾಮ್ ಖತಿವಡಾ ಎನ್ನುವುದಕ್ಕೆ ಮೊದಲು ಎರಡಕ್ಷರದಷ್ಟು ಜಾಗ ಖಾಲಿ ಇದೆ. 'ಸ್ವ.' ಹಾಕಿದರೆ ನಾನೇ ಅವರನ್ನು ಇನ್ನೊಮ್ಮೆ ಕಳಿಸಿದಂತಾಗುತ್ತದೆ. ಹಾಕದಿದ್ದರೆ ಲೋಕನಾಥ್ ಬಾಗಿಲ ಕಡೆ ನೋಡುತ್ತಲೇ ಇರುತ್ತಾನೆ. ಅಪ್ಪ ಇದ್ದಿದ್ದರೆ ಕೇಳುತ್ತಿದ್ದೆ. ಕೇಳದೆ ಯಾರ ಹೆಸರಿಗೂ ಅದನ್ನು ಹಾಕಬೇಡ ಎಂದೇ ಅವರು ಹೇಳುತ್ತಿದ್ದರು.

ಲೋಕನಾಥನನ್ನು ಕೇಳು ಅಣ್ಣಾ. ನನಗೆ ಅವನನ್ನು ಕೇಳುವ ಮುಖವಿಲ್ಲ. ಅವನು ಏನು ಹೇಳುತ್ತಾನೋ ಅದನ್ನೇ ಹಾಕುತ್ತೇನೆ, ಏನೂ ಹೇಳದಿದ್ದರೆ ಆ ಜಾಗ ಖಾಲಿಯೇ ಇರಲಿ.

ಶುಕ್ರವಾರದ ತನಕ ಮಶೀನ್ ನಿಲ್ಲಿಸಿಟ್ಟಿರುತ್ತೇನೆ.

ನಿನ್ನ ಹೇಮಾ